ಹಳದಿ ಬೆಳಕಿನಲ್ಲಿ ಕೊಂಡ ಎತ್ತು

ಆರು ಸಾವಿರ ರೂಪಾಯಿ, ಮೂರು ಟೆಂಪೋ ಬಾಡಿಗೆ, ಒಂದು ವಾರದ ಹಗಲು, ಜೊತೆಗೆ ಕೈಗೆ ಬರಬೇಕಾಗಿದ್ದ ದಲಾಲಿ. ಇಷ್ಟು ಬಿತ್ತು ನನಗೆ. ಯಾತಕ್ಕೆ ಎಂದರೆ, ಫೋನಿನ ಪರದೆಯ ಮೇಲೆ ಹಾಸಿಕೊಂಡಿದ್ದ ಒಂದು ಹಳದಿ ಬೆಳಕಿಗೆ. ಆ ಬೆಳಕನ್ನು ನಾನು ಚೌಕಾಶಿ ಮಾಡಿ ಪುಕ್ಕಟೆ ಹಾಕಿಸಿಕೊಂಡಿದ್ದೆ. ಪುಕ್ಕಟೆ ಬಂದದ್ದಕ್ಕೆ ಹೀಗೆ ತೆತ್ತವನು ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ ಇರಲಿಕ್ಕಿಲ್ಲ. ಉಳಿದವರು ಹೇಳುವುದಿಲ್ಲ, ನಾನು ಹೇಳುತ್ತೇನೆ.

ನನ್ನ ಕಸುಬು ಎತ್ತಿಗೆ ಎತ್ತು ಹೊಂದಿಸುವುದು. ಯಾರದಾದರೂ ಜೋಡಿಯಲ್ಲಿ ಒಂದು ಸತ್ತರೆ ಅಥವಾ ಮುದಿಯಾದರೆ, ಉಳಿದದ್ದಕ್ಕೆ ಸರಿಯಾದ ಇನ್ನೊಂದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಸಂತೆಗಳಲ್ಲಿ, ಹಳ್ಳಿಯ ದನದ ಮನೆಗಳಲ್ಲಿ ಹುಡುಕಿ ತರುತ್ತೇನೆ. ಎತ್ತರ, ಕೋಡು, ಹಲ್ಲು, ಸುಳಿ, ನಡಿಗೆ, ಬಣ್ಣ, ಇವೆಲ್ಲ ಹೊಂದಬೇಕು. ಟ್ರ್ಯಾಕ್ಟರ್ ಬಂದ ಮೇಲೂ ಇದು ನಡೆಯುತ್ತದೆಯೇ ಎಂದು ಪಟ್ಟಣದವರು ಕೇಳುತ್ತಾರೆ. ಟ್ರ್ಯಾಕ್ಟರ್ ಹೋಗದ ಹೊಲಗಳು ಇರುವವರೆಗೆ ನಡೆಯುತ್ತದೆ.

ಅಪ್ಪ ಬಿಟ್ಟುಹೋದ ವ್ಯಾಪಾರವಲ್ಲ ಇದು. ಸಂತೆಯಲ್ಲಿ ದನಗಳಿಗೆ ನೀರು ಹೊತ್ತು ಹಾಕುತ್ತ, ದಲಾಲರ ಪಕ್ಕದಲ್ಲಿ ನಿಂತು ಕಲಿತದ್ದು. ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಎದುರು ನಿಂತು ಕೈ ಹಿಡಿಯುತ್ತಾರೆ, ಅದರ ಮೇಲೊಂದು ಟವೆಲ್ ಬೀಳುತ್ತದೆ. ಒಳಗೆ ಬೆರಳು ಬೆರಳನ್ನು ಒತ್ತಿ ದರ ಹೇಳುತ್ತದೆ. ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ನಾಲ್ಕು ಹಿಡಿದರೆ ಇನ್ನೊಂದು. ಸುತ್ತ ನಿಂತ ಇಪ್ಪತ್ತು ಜನಕ್ಕೆ ಕಾಣುವುದು ಟವೆಲ್ಲಿನ ಕೆಂಪು ಅಂಚು ಮಾತ್ರ. ವ್ಯವಹಾರವೆಲ್ಲ ಅದರ ಕೆಳಗೆ. ಹೀಗೆ ವರ್ಷಗಟ್ಟಲೆ ಬೆರಳು ಒತ್ತಿಸಿಕೊಂಡವನು ನಾನು. ಮೊದಲ ಬೆರಳಿಗೆ ಹೂಂ ಅಂದದ್ದು ನೆನಪಿಲ್ಲ.

ಆ ಬೇಸಿಗೆಯಲ್ಲಿ ಕಣ್ಣು ಉರಿಯತೊಡಗಿದವು. ದಿನವೂ ರಾಶಿ ಎತ್ತಿನ ಫೋಟೋ ನೋಡಬೇಕು. ಈಗ ಅರ್ಧ ಸಂತೆ ಫೋನಿನೊಳಗೇ ಕೂಡುತ್ತದೆ. ಪರದೆಗೆ ಗಾಜು ಹಾಕಿಸಲು ಗೋಕಾಕದ ಒಂದು ಮೊಬೈಲ್ ಅಂಗಡಿಗೆ ಹೋದಾಗ ಉರಿಯ ಮಾತು ತೆಗೆದೆ. ಕಣ್ಣಿಗೆ ತಂಪು ಅನ್ನಿಸುವ ಹಾಗೆ ಒಂದು ಆ್ಯಪ್ ಹಾಕಿಕೊಡುತ್ತೇನೆ ಎಂದ ಅಂಗಡಿಯವನು. ಗಾಜಿನ ದರದಲ್ಲೇ ಅದನ್ನೂ ಹಾಕು, ಕರೆ ಬಂದಾಗ ಹೆಸರು ತೋರಿಸುವ ಆ್ಯಪನ್ನೂ ಹಾಕು ಎಂದು ಹಟ ಹಿಡಿದೆ. ಅವನು ನಕ್ಕು ಎರಡನ್ನೂ ಹಾಕಿದ. ಅವು ಯಾರು ಬೇಕಾದರೂ ದುಡ್ಡು ಕೊಡದೆ ಹಾಕಿಕೊಳ್ಳಬಹುದಾದ ಆ್ಯಪ್‌ಗಳು ಎಂಬುದು ಆಮೇಲೆ ತಿಳಿಯಿತು. ಅಂದು ಮಾತ್ರ ಗೆದ್ದವನ ಹಾಗೆ ಅವನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕುಳಿತಿದ್ದೆ. ಫೋನು ಏನೇನೋ ಕೇಳಿತು. ಇತರ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳಲು ಇದಕ್ಕೆ ಅನುಮತಿ ಕೊಡುತ್ತೀರಾ?

"ಒತ್ತರಿ ಮಾಲಕರ, ಏನೂ ಆಗೂದಿಲ್ಲ," ಎಂದ ಅಂಗಡಿಯವನು.

ಒತ್ತಿದೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಸಂತೆಯಲ್ಲಿ ಮೊದಲ ಮಾತಿಗೆ ಒಪ್ಪದವನು ಫೋನಿನ ಎಲ್ಲ ಮಾತಿಗೂ ಒಪ್ಪಿಬಿಟ್ಟೆ.

ಆ ಹಳದಿ ಬೆಳಕು ಮಾತ್ರ ಸುಖವಾಗಿತ್ತು, ಅದನ್ನು ಇಲ್ಲ ಎನ್ನಲಾರೆ. ಗಾಣದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವ ಹೊತ್ತಿಗೆ ಒಂದು ಬಣ್ಣ ಬರುತ್ತದಲ್ಲ, ನೊರೆಯ ಕೆಳಗೆ, ಅಂಥ ಬಣ್ಣ. ಸಂಜೆಗೆ ಹತ್ತಿಕೊಂಡು ಬೆಳಿಗ್ಗೆ ಆರುತ್ತದೆ ಎಂದಿದ್ದ ಅಂಗಡಿಯವನು. ಅದು ಆರಲಿಲ್ಲ. ನಾನೂ ಆರಿಸಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬೇವಿನ ಮರದ ಕೆಳಗೆ ಕುಳಿತು ಫೋನು ತೆರೆದರೆ ಒಳಗೆ ಸಂಜೆ. ಎಲ್ಲ ಊರಿನ ಎಲ್ಲ ಎತ್ತುಗಳೂ ದನ ಮನೆಗೆ ಬರುವ ಹೊತ್ತಿನ ಧೂಳಿನಲ್ಲಿ ನಿಂತ ಹಾಗೆ ಕಾಣುತ್ತಿದ್ದವು. ಯಾರದೋ ಅಂಗಳ, ಯಾರದೋ ಬಾವಿಕಟ್ಟೆ, ಎಲ್ಲದರ ಮೇಲೂ ಅದೇ ಬೆಳಕು. ನೋಡುತ್ತ ನೋಡುತ್ತ ರೆಪ್ಪೆ ಭಾರವಾಗುತ್ತಿತ್ತು. ಎಷ್ಟೋ ಸಲ ಫೋನು ಎದೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗಿದ್ದೇನೆ. ಕನಸಿನಲ್ಲೂ ಘಟಪ್ರಭೆಯ ನೀರು ಜೇನಿನ ಬಣ್ಣದಲ್ಲಿ ಹರಿಯುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಅದು ಹಳದಿ ಎಂಬುದೇ ಮರೆತುಹೋಯಿತು. ಕಣ್ಣು ಒಗ್ಗಿತು. ಒಗ್ಗಿದ ಮೇಲೆ ಅದೇ ಬಿಳಿ ಬೆಳಕು.

ಫೋನು ಎಚ್ಚರಿಸಲಿಲ್ಲವೇ ಎಂದರೆ, ಎಚ್ಚರಿಸಿತ್ತು. ದನದ ಕಿವಿಯ ಬಿಲ್ಲೆಯ ನಂಬರನ್ನು ಫೋಟೋ ಹೊಡೆದು ಇಟ್ಟುಕೊಳ್ಳುವ ಒಂದು ಆ್ಯಪನ್ನು ಆ ದಿನಗಳಲ್ಲಿ ಹಾಕಿಕೊಂಡಿದ್ದೆ. ಅದು ಕ್ಯಾಮೆರಾ ಬಳಸಲು ಅನುಮತಿ ಕೇಳಿತು. ನಾನು ಅನುಮತಿಸು ಎಂದು ಒತ್ತಿದರೆ ಫೋನು ಒಪ್ಪಲಿಲ್ಲ. ಪರದೆಯ ಮೇಲೆ ಬೇರೊಂದು ಹೊದಿಕೆ ಇದೆ, ಅದನ್ನು ತೆಗೆದ ಮೇಲೆ ಒತ್ತು ಎಂಬ ಅರ್ಥದ ಎರಡು ಸಾಲು ಬಂತು. ನನ್ನದು ಹಳೆಯ ಫೋನು, ವಯಸ್ಸಾದದ್ದಕ್ಕೆ ಗೊಣಗುತ್ತಿದೆ ಎಂದುಕೊಂಡು ರದ್ದು ಎಂದು ಒತ್ತಿದೆ. ಮರುದಿನವೂ ಬಂತು. ನಾನು ಬಿಲ್ಲೆಯ ನಂಬರನ್ನು ಕಿಸೆಯ ಡೈರಿಯಲ್ಲಿ ಬರೆದುಕೊಂಡು ಮುಂದೆ ಹೋದೆ.

ಹೀಗಿರುವಾಗ ತುಕ್ಕಾನಟ್ಟಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ನನಗಿಂತ ಹಿರಿಯಳು, ದನಿಯಲ್ಲೇ ಗೊತ್ತಾಗುತ್ತಿತ್ತು. ಮೂರು ಎಕರೆ ಹೊಲ. ಗಂಡ ಹೆಂಡತಿ ಇಬ್ಬರೂ ಬೇರೆಯವರ ಕಬ್ಬು ಕಡಿದು, ಕಳೆ ತೆಗೆದು ಕೊಂಡದ್ದು. ಅವರ ಮನೆತನದಲ್ಲಿ ಮೊದಲ ಹೊಲ ಅದು. ಗಂಡ ತೀರಿಹೋದ ಮೇಲೆ ಅವಳೇ ಮಾಡಿಸುತ್ತಿದ್ದಳು. ಹೊಲದ ಸುತ್ತ ನಾಲ್ಕೂ ಕಡೆ ಒಬ್ಬನೇ ದೊಡ್ಡ ರೈತನ ಕಬ್ಬು. ನಡುವೆ ಒಂದು ಬದು, ಎರಡು ಎತ್ತು ಹಿಂದೆ ಮುಂದೆ ನಡೆಯುವಷ್ಟು ಅಗಲ. ಟ್ರ್ಯಾಕ್ಟರ್ ಬರುವುದಿಲ್ಲ. ಬರಲು ದಾರಿ ಬಿಡಲು ಕಬ್ಬಿನವನಿಗೆ ಮನಸ್ಸಿಲ್ಲ, ಬೆಳೆಯಲ್ಲಿ ಪಾಲು ಕೊಟ್ಟು ತಾನೇ ಮಾಡುತ್ತೇನೆ ಎಂದು ಅವನು ಆ ಹೊಲವನ್ನು ಪಾಲಿಗೆ ಕೇಳುತ್ತಿದ್ದ.

ಅವಳ ಜೋಡಿಯಲ್ಲಿ ಒಂದು ಎತ್ತು ಹೊಟ್ಟೆ ಉಬ್ಬಿ ಸತ್ತಿತ್ತು. ಉಳಿದದ್ದು ಯಾರ ಜೊತೆಗೂ ನೊಗ ಹೊರುತ್ತಿರಲಿಲ್ಲ. ಒಂದು ಕೆಂಪು ಎತ್ತು, ಒಂದು ಕರಿ ಎತ್ತು ಕಡ ತಂದು ಕಟ್ಟಿ ನೋಡಿದ್ದಳಂತೆ. ನಾಲ್ಕು ಹೆಜ್ಜೆ ನಡೆದು ಸಾಲಿನಲ್ಲೇ ಕುಳಿತುಬಿಡುತ್ತಿತ್ತಂತೆ. ಅದಕ್ಕೆ ತನ್ನಂಥದ್ದೇ ಬೇಕು, ಬಣ್ಣದಲ್ಲೂ ತನ್ನಂಥದ್ದೇ ಎಂದು ಅವಳು ತೀರ್ಮಾನಿಸಿದ್ದಳು.

"ಫೋಟೋ ಕಳಸೇನಿ ತಮ್ಮಾ, ನೋಡ. ಬಿತ್ತಾಕ ಕೂರಿಗಿ ಹೂಡೂದರಾಗ ಜೋಡಿ ಆಗಬೇಕು. ಇಲ್ಲಂದ್ರ ಹೊಲ ಪಾಲಿಗೆ ಹಾಕೂದ. ಪಾಲಿಗೆ ಹಾಕಿದರ ನನ್ನ ಹೊಲದಾಗ ನಾನ ಕೂಲಿ ಆದಂಗ."

ಎತ್ತರ ಕೇಳಿದೆ, ಹಲ್ಲು ಕೇಳಿದೆ, ಕೋಡಿನ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆಸಿದೆ, ಸುಳಿ ಎಲ್ಲೆಲ್ಲಿ ಎಂದು ಬರೆದುಕೊಂಡೆ. ಬಣ್ಣ ಕೇಳಲಿಲ್ಲ. ಫೋಟೋದಲ್ಲಿ ಕಾಣುವುದನ್ನು ಕೇಳಿ ಯಾರು ಮರ್ಯಾದೆ ಕಳೆದುಕೊಳ್ಳುತ್ತಾರೆ? ಖುದ್ದಾಗಿ ಹೋಗಿ ನೋಡಬಹುದಿತ್ತು. ಆ ವಾರ ಎರಡು ಸಂತೆಗಳ ಕೆಲಸವಿತ್ತು, ಹೋಗಲಿಲ್ಲ. ಫೋಟೋದಲ್ಲಿ ಮಣ್ಣಿನ ಗೋಡೆ, ಅದಕ್ಕೆ ಒರಗಿದ ಜೋಳದ ಕಣಿಕೆಯ ಹೊರೆಗಳು, ಮುಂದೆ ಎತ್ತು. ಹಾಲಿಗೆ ಬೆಲ್ಲ ಬೆರೆಸಿದಂಥ ಬಣ್ಣ. ಇಡೀ ಚಿತ್ರದಲ್ಲಿ ಬಿಳಿ ಎನ್ನುವ ವಸ್ತುವೇ ಬೇರೆ ಇರಲಿಲ್ಲ, ಇದ್ದಿದ್ದರೆ ಅದೂ ಹಳದಿಯಾಗಿ ಕಂಡು ನನಗೆ ಎಚ್ಚರವಾಗುತ್ತಿತ್ತೇನೋ. ಇಂಥ ಜೇನುಬಣ್ಣದ ಎತ್ತು ನಮ್ಮ ಕಡೆ ಅಪರೂಪ. ಅಪರೂಪದ್ದನ್ನು ಹುಡುಕುವುದೆಂದರೆ ನನಗೆ ಹುಮ್ಮಸ್ಸು.

ನಾಲ್ಕನೆಯ ದಿನ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಸಿಕ್ಕಿತು. ವಯಸ್ಸಾದ ಒಕ್ಕಲಿಗ, ಹಣೆಯ ತುಂಬ ವಿಭೂತಿ, ಊರವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹಿತ್ತಲಲ್ಲಿ ಹುಣಸೆ ಮರದ ನೆರಳಿಗೆ ಕಟ್ಟಿದ್ದ ಎತ್ತು ತಲೆ ಎತ್ತಿ ನನ್ನನ್ನು ನೋಡಿತು. ನಾನು ಫೋನು ತೆಗೆದು, ತುಕ್ಕಾನಟ್ಟಿಯ ಎತ್ತಿನ ಫೋಟೋವನ್ನು ಇದರ ಭುಜದ ಪಕ್ಕಕ್ಕೆ ಹಿಡಿದೆ. ಬಣ್ಣ ಬಣ್ಣಕ್ಕೆ ಕೂಡಿತು. ಒಂದೇ ತಾಯಿಯ ಕರುಗಳು, ಒಂದು ಫೋನಿನ ಒಳಗೆ, ಒಂದು ಹೊರಗೆ. ಎಲೆಗಳ ಸಂದಿನಿಂದ ಬಿಸಿಲು ಅದರ ಬೆನ್ನಿನ ಮೇಲೆ ನಾಣ್ಯಗಳಂತೆ ಬಿದ್ದು ಅಲುಗುತ್ತಿತ್ತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಕಾಕಾ ಟವೆಲ್ ಹಾಸಿದರು, ಬೆರಳಾಟ ನಡೆಯಿತು, ನನಗೆ ಸಮಾಧಾನವಾಗುವ ದರಕ್ಕೆ ಮುಗಿಯಿತು.

ಟೆಂಪೋದಲ್ಲಿ ಹಿಂದೆಯೇ ಕುಳಿತು ಬಂದೆ, ಎತ್ತಿನ ಹಗ್ಗ ಹಿಡಿದು. ಗೋಕಾಕ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಕಬ್ಬು, ಗಾಳಿ ಬೀಸಿದಾಗ ಅದು ಒಂದೇ ಮೈಯ ಪ್ರಾಣಿಯ ಹಾಗೆ ಮಗ್ಗುಲು ಬದಲಿಸುತ್ತಿತ್ತು. ಎತ್ತಿನ ಉಸಿರು ನನ್ನ ಮೊಳಕೈಗೆ ಬೆಚ್ಚಗೆ ತಾಗುತ್ತಿತ್ತು. ಮೋಡ ಕಟ್ಟಿರಲಿಲ್ಲ, ಆದರೆ ಆಕಾಶದ ನೀಲಿ ತೆಳುವಾಗಿತ್ತು, ಮಳೆ ಬರುವ ಮುಂಚಿನ ಹಾಗೆ. ಅವಳ ಹೊಲದಲ್ಲಿ ಎರಡು ಜೇನುಬಣ್ಣದ ಎತ್ತುಗಳು ಹೆಜ್ಜೆ ಕೂಡಿಸಿ ನಡೆಯುವುದು ಕಣ್ಣಿಗೆ ಕಟ್ಟಿತು. ಅರ್ಧ ದಾರಿ ನಾನು ಅದನ್ನೇ ನೋಡುತ್ತ ಬಂದೆ.

ತುಕ್ಕಾನಟ್ಟಿಯಲ್ಲಿ ಟೆಂಪೋ ನಿಂತಾಗ ಅವಳು ಅಂಗಳದಲ್ಲೇ ಇದ್ದಳು. ಅವಳ ಹಿಂದೆ, ಕಣಿಕೆಯ ಹೊರೆಗಳ ಮುಂದೆ, ಒಂದು ಎತ್ತು ಮೆಲುಕು ಹಾಕುತ್ತಿತ್ತು. ಬಿಳಿ. ಒಗೆದು ಹರವಿದ ಧೋತರದ ಹಾಗೆ ಬಿಳಿ.

ಬೇರೆ ಎತ್ತು ಇರಬೇಕು ಎಂದು ಆಚೀಚೆ ನೋಡಿದೆ. ಇರಲಿಲ್ಲ. ಅವಳೂ ಟೆಂಪೋದ ಒಳಗೆ ನೋಡಿದಳು, ನನ್ನನ್ನು ನೋಡಿದಳು.

"ಕಣ್ಣ ಮನ್ಯಾಗ ಇಟ್ಟ ಬಂದೀಯೇನ ತಮ್ಮಾ?"

ನೀವು ಕಳಿಸಿದ ಫೋಟೋದಲ್ಲಿ ಇದೇ ಬಣ್ಣ ಇದೆ ಎಂದೆ. ತಪ್ಪು ಅವಳದು ಎಂಬ ಧೈರ್ಯ ನನ್ನ ದನಿಯಲ್ಲಿತ್ತು. ಫೋನು ತೆಗೆದು ತೋರಿಸಿದೆ. ಅವಳು ಹತ್ತಿರ ಬಂದು ನೋಡಿ, "ನಮ್ಮ ಎತ್ತಿಗೆ ಅರಿಷಿಣ ಹಚ್ಚಿದವರ್ಯಾರ?" ಎಂದಳು. ಒಳಗೆ ಹೋಗಿ ತನ್ನ ಫೋನು ತಂದು ಅದೇ ಫೋಟೋ ತೆಗೆದಳು. ಎರಡು ಫೋನುಗಳನ್ನು ಕಟ್ಟೆಯ ಮೇಲೆ ಪಕ್ಕ ಪಕ್ಕ ಇಟ್ಟೆವು. ಅದೇ ಗೋಡೆ, ಅದೇ ಕಣಿಕೆ, ಅದೇ ಎತ್ತು, ಅದೇ ಎತ್ತಿದ ಬಲಗಾಲು. ಅವಳದರಲ್ಲಿ ಬಿಳಿ, ನನ್ನದರಲ್ಲಿ ಜೇನು. ನನಗೆ ಹೆದರಿಕೆಯೇ ಆಯಿತು. ಟೆಂಪೋದವನು ಇಳಿದು ಬಂದು ಬಗ್ಗಿ ನೋಡಿ, ಇದೇನು ಮಾಟ ಎನ್ನುವ ಹಾಗೆ ಹಿಂದೆ ಸರಿದ.

ಬಂದದ್ದು ಬಂದಿದೆ, ಕಟ್ಟಿ ನೋಡೋಣ ಎಂದಳು ಅವಳು. ನೊಗ ಹೂಡಿದೆವು. ಬಿಳಿ ಎತ್ತು ಹೊಸದನ್ನು ಒಮ್ಮೆ ಮೂಸಿ ಮುಖ ತಿರುಗಿಸಿತು. ನಾಲ್ಕು ಹೆಜ್ಜೆ. ಐದನೆಯದಕ್ಕೆ ಮೊಣಕಾಲು ಮಡಚಿ ಕುಳಿತಿತು. ಅದರ ಮುಖದಲ್ಲಿ ಸಿಟ್ಟಾಗಲಿ ಹಟವಾಗಲಿ ಇರಲಿಲ್ಲ. ಬೇರೆಲ್ಲೋ ನೋಡುತ್ತಿತ್ತು, ಅಷ್ಟೇ.

ಕಾಕಾಗೆ ಹೇಳಬೇಕು ಎಂದು ಫೋನು ಎತ್ತಿಕೊಂಡೆ. ಮೊದಲು ಕಿವಿಯ ಬಿಲ್ಲೆಯ ಫೋಟೋ ಹೊಡೆದಿಡೋಣ, ಎತ್ತು ಬದಲಾಗಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ ಎಂದು ಆ ಬಿಲ್ಲೆಯ ಆ್ಯಪ್ ತೆರೆದೆ. ಮತ್ತೆ ಅದೇ ಎರಡು ಸಾಲು. ರದ್ದು ಎಂದು ಒತ್ತಲು ಬೆರಳು ಹೋಗಿತ್ತು, ಅವಳು ನನ್ನ ಮುಂಗೈ ಹಿಡಿದಳು. ಶಾಲೆಗೆ ಹೋಗದಿದ್ದರೂ ಊರಿನ ಸಂಜೆ ಪಾಠದಲ್ಲಿ ಓದು ಕಲಿತವಳು. ಅಕ್ಷರಕ್ಕೆ ಬೆರಳಿಟ್ಟು ಓದುವ ರೂಢಿ. ನಾನು ಓಡಿಸುತ್ತಿದ್ದ ಸಾಲನ್ನು ಅವಳು ಒಂದೊಂದೇ ಹೆಜ್ಜೆ ಓದಿದಳು.

"ಇದರ ಮ್ಯಾಲ ಇನ್ನೊಂದ ಹೊದ್ದಿಸೇತಂತ. ಅದನ ತಗದ ಒತ್ತ ಅಂತೈತಿ. ಏನ ಹೊದ್ದಿಸೀದಿ ಇದಕ್ಕ?"

ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮೇಲೆ ಒಂದು ಬಟ್ಟೆ, ಕೆಳಗೆ ಒತ್ತುವ ಬೆರಳು. ಜೀವಮಾನವೆಲ್ಲ ಮಾಡಿದ ಕೆಲಸ, ಬೇರೆಯವರು ನನಗೆ ಮಾಡಿದಾಗ ಗುರುತು ಹಿಡಿಯಲಿಲ್ಲ. ಫೋನು ಯಾಕೆ ಒಪ್ಪುತ್ತಿರಲಿಲ್ಲ ಎಂಬುದು ಆಗ ತಿಳಿಯಿತು. ಮೇಲೆ ಕಾಣುವುದು ಒಂದಾಗಿ, ಬೆರಳು ಬೀಳುವುದು ಇನ್ನೊಂದರ ಮೇಲಾದರೆ, ನಾನು ಯಾವುದಕ್ಕೆ ಒಪ್ಪಿದೆ ಎಂದು ಅದು ಹೇಗೆ ನಂಬಬೇಕು? ಅದಕ್ಕೇ ಹೊದಿಕೆ ತೆಗೆ ಎನ್ನುತ್ತಿತ್ತು. ನನ್ನ ಒಳ್ಳೆಯದಕ್ಕೇ ಹೇಳುತ್ತಿತ್ತು.

ಅವಳು ಚಹಾ ತಂದಳು. ಒಳಗೆ ಗೋಡೆಯ ಮೇಲಿದ್ದ ಬುದ್ಧನ ಪಟ ಬಾಗಿಲಿನಿಂದ ಕಾಣುತ್ತಿತ್ತು. ಚಹಾ ಆರುತ್ತಿರಲಿ ಎಂದು ನಾನು ಸೆಟ್ಟಿಂಗ್ಸ್ ತೆರೆದೆ. ಆ್ಯಪ್‌ಗಳು ಎಂಬಲ್ಲಿ ಹೋಗಿ, ಅದರೊಳಗೆ ವಿಶೇಷ ಪ್ರವೇಶ ಎಂಬುದನ್ನು ಹುಡುಕಿ, ಇತರ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವುದು ಎಂಬ ಸಾಲನ್ನು ಒತ್ತಿದೆ. ಪಟ್ಟಿ ಬಂತು. ಐದು ಹೆಸರುಗಳ ಎದುರು ಒಪ್ಪಿಗೆ ಇತ್ತು. ಸಂತೆಯಲ್ಲಿ ಗುರುತಿಲ್ಲದ ಐದು ಜನ ನನ್ನ ಹೆಸರು ಹೇಳಿಕೊಂಡು ನಿಂತ ಹಾಗೆ. ಒಬ್ಬೊಬ್ಬನನ್ನೂ ವಿಚಾರಿಸಿದೆ. ಕರೆಯ ಹೆಸರು ತೋರಿಸುವವನು, ಇರಲಿ. ಹರಟೆಯ ಗುಳ್ಳೆ ತೇಲಿಸುವವನು, ಬೇಡ. ಫೋನು ಗುಡಿಸುತ್ತೇನೆ ಎನ್ನುವವನು, ಎಂದೂ ಗುಡಿಸಿದ್ದು ನೋಡಿಲ್ಲ, ಬೇಡ. ಇನ್ನೊಂದರ ಹೆಸರೇ ನನಗೆ ಗೊತ್ತಿರಲಿಲ್ಲ. ಇದೇ ಫೋನಿನಿಂದ ಬ್ಯಾಂಕಿನ ವ್ಯವಹಾರ ಮಾಡುತ್ತೇನೆ. ಬೇಡ ಎಂಬ ಗುಂಡಿಯ ಚಿತ್ರವನ್ನು ಬೇಕು ಎಂಬ ಗುಂಡಿಯ ಮೇಲೆ ಹಾಸಿದ್ದರೆ? ಅದನ್ನು ಕಿತ್ತೇ ಹಾಕಿದೆ.

ಕೊನೆಗೆ ಉಳಿದದ್ದು ಹಳದಿ ಬೆಳಕು. ಅದರ ಗುಂಡಿಯನ್ನು ಸರಿಸಿದೆ.

ಪರದೆಯಿಂದ ಸಂಜೆ ಇಳಿದುಹೋಯಿತು. ನೀರು ಬಸಿದ ಹಾಗೆ, ಸದ್ದಿಲ್ಲದೆ. ಅವಳ ಎತ್ತು ನನ್ನ ಕೈಯೊಳಗೇ ಬಿಳಿಯಾಯಿತು. ಹಿಂದಿನ ಫೋಟೋಗಳನ್ನು ಒಂದೊಂದಾಗಿ ತೆಗೆದೆ. ಎಲ್ಲ ಊರಿನ ಎತ್ತುಗಳೂ ಮಟಮಟ ಮಧ್ಯಾಹ್ನದಲ್ಲಿ ನಿಂತಿದ್ದವು. ಜೇನಿನ ಬಣ್ಣದ ನದಿ ಕೆಸರು ನೀರಿನ ನದಿಯಾಗಿತ್ತು. ನನ್ನದೇ ಒಂದು ಫೋಟೋ ಇತ್ತು. ಮೀಸೆ ಇಷ್ಟು ಬೆಳ್ಳಗಾದದ್ದು ನನಗೆ ತಿಳಿದೇ ಇರಲಿಲ್ಲ. ಸುಳ್ಳು ಹೇಳುವುದಿಲ್ಲ, ಆ ಬೆಳಕನ್ನು ಮತ್ತೆ ಹಚ್ಚಲು ಬೆರಳು ಒಮ್ಮೆ ಗುಂಡಿಯ ಕಡೆ ಹೋಯಿತು. ಫೋಟೋ ಎಂದೂ ಹಳದಿಯಾಗಿರಲಿಲ್ಲ. ಹಳದಿ ನನ್ನ ಗಾಜಿನ ಮೇಲೆ ಮಾತ್ರ ಇತ್ತು.

ಅವಳು ಆಕಾಶ ನೋಡುತ್ತಿದ್ದಳು. ನನ್ನ ವಿಷಾದ ಅವಳಿಗೆ ಬೇಕಾಗಿರಲಿಲ್ಲ.

"ವಾರದಾಗ ಮಳಿ ಬರತೈತಿ. ಕಬ್ಬಿನಾಂವ ನಿನ್ನೆನೂ ಬಂದ ಹ್ವಾದ. ಮಳಿ ಬಿದ್ದ ಮೂರ ದಿನ ನೋಡತೇನಿ ತಮ್ಮಾ, ಆಮ್ಯಾಲ ಅವಗ ಹೂಂ ಅನ್ನಾಕಿ."

ಅದೇ ಟೆಂಪೋದಲ್ಲಿ ಎತ್ತನ್ನು ಘೋಡಗೇರಿಗೆ ತಿರುಗಿ ಒಯ್ದೆ. ಕಾಕಾ ಜಗಲಿಯ ಮೇಲೆ ಕುಳಿತು ಟೆಂಪೋ ಬರುವುದನ್ನು ನೋಡುತ್ತಲೇ ಇದ್ದರು.

"ಜೋಡಿ ಹಚ್ಚಾಕ ಒಯ್ದಾಂವ ಒಂಟಿ ಮಾಡಿ ತಂದೆಲ್ಲೋ," ಎಂದರು.

ಕೊಟ್ಟು ಮುಗಿದ ಎತ್ತನ್ನು ಹಿಂದಕ್ಕೆ ತಗೊಳ್ಳುವ ಹಂಗು ಅವರಿಗಿರಲಿಲ್ಲ. ಗರಜು, ಅಂದರೆ ಅಗತ್ಯ, ನನ್ನದು ಎಂದು ಅವರಿಗೆ ಗೊತ್ತು. ಗರಜಿನ ಕೈ ಟವೆಲ್ ಕೆಳಗೆ ಬೆವರುತ್ತದೆ, ಬೆವರು ಇನ್ನೊಂದು ಕೈಗೆ ತಿಳಿಯುತ್ತದೆ. ಹತ್ತು ಸಾವಿರ ಮುರಿದುಕೊಂಡು ತಗೊಳ್ಳುತ್ತೇನೆ ಎಂದು ಅವರ ಬೆರಳು ಹೇಳಿತು. ನಾನು ಟವೆಲ್ ತೆಗೆದು ನಡೆದದ್ದನ್ನು ಬಾಯಿಂದಲೇ ಹೇಳಿದೆ, ಹಳದಿ ಬೆಳಕು, ಎರಡು ಫೋನು, ಕುಳಿತ ಎತ್ತು, ಎಲ್ಲ. ಕಾಕಾ ನಕ್ಕರು. ನಕ್ಕು ಮುಗಿಸಿ, ಅಂಗಿಯ ಕಿಸೆಯಿಂದ ತಮ್ಮ ಫೋನು ತೆಗೆದರು. ಬೆಳೆಯ ಫೋಟೋ ಹಾಕುವ ಆ್ಯಪೊಂದು ತಿಂಗಳಿಂದ ತಮಗೂ ಅದೇ ಎರಡು ಸಾಲು ತೋರಿಸುತ್ತಿದೆ, ಮನೆಯವರಿಗೂ ತಿಳಿಯುತ್ತಿಲ್ಲ ಎಂದರು.

ಅವರ ಪರದೆಯ ಅಂಚಿಗೆ ಒಂದು ಗುಂಡನೆಯ ಗುಳ್ಳೆ ತೇಲುತ್ತಿತ್ತು. ಅದು ಅಲ್ಲಿ ಯಾಕಿದೆ ಎಂದು ಕೇಳಿದರೆ, ಫೋನಿನ ಜೊತೆಗೇ ಬಂದಿರಬೇಕು ಎಂದುಕೊಂಡಿದ್ದರಂತೆ. ಪಟ್ಟಿ ತೆರೆದು, ಒಂದೊಂದನ್ನೂ ಓದಿ ಹೇಳಿ, ಅವರ ಕೈಯಿಂದಲೇ ಎರಡರ ಒಪ್ಪಿಗೆ ತೆಗೆಸಿದೆ. ಬೆಳೆಯ ಆ್ಯಪ್ ತೆರೆಯಿತು, ಅನುಮತಿ ಕೇಳಿತು, ಈ ಸಲ ಒಪ್ಪಿಕೊಂಡಿತು. ಕಾಕಾ ಅಲ್ಲೇ ಎದ್ದು ಹೋಗಿ ಗೋವಿನಜೋಳದ ಫೋಟೋ ಹೊಡೆದು ಬಂದರು. ಆಮೇಲೆ ಮತ್ತೆ ಟವೆಲ್ ಹಾಸಿದೆ. ಕಲಿಸಿದ ವಿದ್ಯೆಗೆ ಬೆಲೆ ಕಟ್ಟಿಸದೆ ಬಿಡುವವನಲ್ಲ ನಾನು. ಹತ್ತು ಇದ್ದದ್ದು ಆರಕ್ಕೆ ನಿಂತಿತು.

ಎರಡು ದಿನ ಸುತ್ತಿದೆ. ಮೂರನೆಯ ದಿನ ಕೊಣ್ಣೂರಿನಲ್ಲಿ ಒಂದು ಬಿಳಿ ಎತ್ತು ಇದೆ ಎಂದು ಸುದ್ದಿ ಬಂತು. ತುಕ್ಕಾನಟ್ಟಿಗೆ ಫೋನು ಮಾಡಿ, ಫೋಟೋ ಕಳಿಸುತ್ತೇನೆ ಎಂದೆ. ಫೋಟೋ ಬೇಡ, ತಾನೇ ಬರುತ್ತೇನೆ ಎಂದಳು. ಬೆಳಗಿನ ಬಸ್ಸಿಗೆ ಬಂದಳು, ಕೈಯಲ್ಲಿ ಒಂದು ತುಂಡು ಹಗ್ಗ. ತನ್ನ ಎತ್ತಿನ ಎತ್ತರಕ್ಕೆ ಒಂದು ಗಂಟು, ಕೋಡಿನ ಅಂತರಕ್ಕೆ ಒಂದು ಗಂಟು ಹಾಕಿ ತಂದಿದ್ದಳು. ನನ್ನ ಅಳತೆಗಳನ್ನೂ ಅವಳು ನಂಬಿರಲಿಲ್ಲ ಎಂದಾಯಿತು.

ಎತ್ತನ್ನು ಬಿಸಿಲಿಗೆ ತರಿಸಿ ನಿಲ್ಲಿಸಿದಳು. ಹಗ್ಗ ಹಿಡಿದು ನೋಡಿದಳು. ಅಂಗಳದ ತುಂಬ ಮೂರು ಸುತ್ತು ನಡೆಸಿದಳು, ಅದರ ಪಕ್ಕದಲ್ಲಿ ತಾನೂ ನಡೆದಳು, ತನ್ನ ಎತ್ತಿನ ಜಾಗದಲ್ಲಿ. ಆಮೇಲೆ ನನ್ನನ್ನು ದಾಟಿ ಮುಂದೆ ಬಂದು, ಸೆರಗನ್ನು ಬಲಗೈಯ ಮೇಲೆ ಇಳಿಬಿಟ್ಟು, ಮಾರುವವನ ಕಡೆ ಕೈ ಚಾಚಿದಳು. ಹೆಣ್ಣುಮಗಳೊಬ್ಬಳು ಆ ಬೆರಳಾಟಕ್ಕೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾರುವವನು ನನ್ನ ಮುಖ ನೋಡಿದ. ನಾನು ಎತ್ತಿನ ಬಾಲ ನೋಡಿದೆ. ಅವನು ನಾಚಿಕೊಂಡು ಎರಡು ಬೆರಳ ತುದಿ ಹಿಡಿದ, ಅವಳು ಬಿಡಿಸಿಕೊಂಡು ಅವನ ಒಂದು ಬೆರಳು ಹಿಡಿದಳು, ಹಿಡಿದದ್ದನ್ನು ಬಿಡಲೇ ಇಲ್ಲ. ಎಷ್ಟಕ್ಕೆ ಮುಗಿಯಿತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ದಲಾಲಿ ಕೇಳುವ ಮುಖ ನನಗೆ ಉಳಿದಿರಲಿಲ್ಲ, ಟೆಂಪೋ ಬಾಡಿಗೆ ನಾನೇ ಕೊಟ್ಟೆ.

ಆ ಸಂಜೆಯೇ ಮಳೆ ಬಿತ್ತು. ಮಣ್ಣಿನೊಳಗೆ ಹಸಿ ಕೂಡಿದ ಎರಡನೆಯ ದಿನ ನಾನು ತುಕ್ಕಾನಟ್ಟಿಗೆ ಹೋದೆ. ಕಬ್ಬಿನ ನಡುವಿನ ಬದುವಿನ ಮೇಲೆ ಒಂದರ ಹಿಂದೆ ಒಂದು ಎರಡು ಬಿಳಿ ಬೆನ್ನು ತೇಲಿಕೊಂಡು ಹೋಗುತ್ತಿದ್ದವು. ಹಸಿರಿನಲ್ಲಿ ಕಾಲು ಕಾಣುತ್ತಿರಲಿಲ್ಲ. ಹೊಲದಲ್ಲಿ ಕೂರಿಗೆ ಹೂಡಿದಳು. ಹಳೆಯ ಎತ್ತು ಹೊಸದನ್ನು ಮೂಸಿತು, ನಿಂತಿತು. ನಾಲ್ಕು ಹೆಜ್ಜೆ, ಐದು, ಆರು. ಸಾಲಿನ ಕೊನೆಯವರೆಗೆ ಹೋಗಿ ತಿರುಗಿತು. ಬಣ್ಣ ನೋಡಿ ಒಪ್ಪಿತೋ, ಹೆಜ್ಜೆ ಕೂಡಿದ್ದಕ್ಕೆ ಒಪ್ಪಿತೋ, ನಾನು ಹೇಳಲಾರೆ. ಹೆಜ್ಜೆ ಎಂದು ನನ್ನ ಅಂದಾಜು. ಅವಳು ಬಣ್ಣ ಎನ್ನುತ್ತಾಳೆ. ಹೊಲ ಅವಳದು, ಅವಳ ಮಾತೇ ಇರಲಿ. ಸೋಯಾ ಬಿತ್ತಿ ಮುಗಿಯುವ ಹೊತ್ತಿಗೆ ಕಬ್ಬಿನವನು ಬದುವಿನ ಆಚೆ ಬಂದು ನಿಂತಿದ್ದ. ಪಾಲಿನ ಮಾತು ತೆಗೆಯಲಿಲ್ಲ. ಮಳೆ ಚಲೋ ಆಯಿತು ಎಂದಷ್ಟೇ ಹೇಳಿ ಹೋದ.

ಈಗ ನಿಮಗೆ ಹೇಳುವುದು ಇಷ್ಟು. ಇಂದೇ, ಬಿಡುವಾಗಿದ್ದಾಗ, ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ಮೇಲೆ ಹುಡುಕುವ ಜಾಗ ಇರುತ್ತದೆ, ಅಲ್ಲಿ "ಇತರ ಆ್ಯಪ್‌ಗಳ ಮೇಲೆ" ಎಂದು ಬರೆದರೆ ಸಾಕು, ಬಹಳಷ್ಟು ಫೋನುಗಳಲ್ಲಿ ಪಟ್ಟಿ ತಾನೇ ಬರುತ್ತದೆ. ಸಿಗದಿದ್ದರೆ ಆ್ಯಪ್‌ಗಳು, ಅದರೊಳಗೆ ವಿಶೇಷ ಪ್ರವೇಶ, ಹೀಗೆ ಹೋಗಿ. ಒಂದೊಂದು ಹೆಸರಿಗೂ ಒಂದೇ ಪ್ರಶ್ನೆ ಕೇಳಿ: ನೀನು ಬೇರೆಯವರ ಮೇಲೆ ಬಂದು ಕೂಡುವ ಅಗತ್ಯವೇನು? ಕರೆಯ ಹೆಸರು ತೋರಿಸುವುದಕ್ಕೆ, ಗಾಡಿ ಓಡಿಸುವಾಗ ದಾರಿ ತೋರಿಸುವುದಕ್ಕೆ ಅಗತ್ಯ ಇರಬಹುದು. ಟಾರ್ಚಿಗೆ ಇಲ್ಲ, ಆಟಕ್ಕೆ ಇಲ್ಲ. ಹೆಸರು ಗುರುತಿಲ್ಲದ್ದನ್ನು ಆಫ್ ಮಾಡಿ, ಬೇಡವಾದರೆ ತೆಗೆದೇ ಹಾಕಿ. ಆಫ್ ಮಾಡಿದ್ದರಿಂದ ಫೋನು ಕೆಡುವುದಿಲ್ಲ; ಬೇಕೆನಿಸಿದರೆ ಮತ್ತೆ ಹಚ್ಚಬಹುದು.

ಹೊದಿಕೆ ಇದೆ ಎಂಬ ಸಂದೇಶ ಬಂದರೆ ರದ್ದು ಮಾಡಿ ಓಡಬೇಡಿ. ಯಾವುದು ಹೊದ್ದಿದೆ ಎಂದು ಪತ್ತೆಯಾಗದಿದ್ದರೆ ಎಲ್ಲವನ್ನೂ ಒಮ್ಮೆ ಆಫ್ ಮಾಡಿ, ಬೇಕಾದ ಅನುಮತಿ ಕೊಟ್ಟು, ನಂಬಿದವನ್ನು ಮಾತ್ರ ತಿರುಗಿ ಹಚ್ಚಿ. ಬ್ಯಾಂಕಿನ ಆ್ಯಪ್ ತೆರೆದಾಗ ಪರದೆಯ ಮೇಲೆ ಬೇರೇನಾದರೂ ತೇಲುತ್ತಿದ್ದರೆ ಗುಪ್ತ ಸಂಖ್ಯೆ ಒತ್ತಬೇಡಿ, ಮುಚ್ಚಿ ಹೊರಗೆ ಬನ್ನಿ. ಕಣ್ಣಿಗೆ ತಂಪು ಬೇಕಾದರೆ ಬೇರೆ ಆ್ಯಪ್ ಯಾಕೆ, ಈಗಿನ ಫೋನುಗಳ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ಆ ಸೌಲಭ್ಯ ಇರುತ್ತದೆ. ಅದೂ ಹಚ್ಚಿದ್ದಾಗ ಹಳದಿಯೇ, ಆದ್ದರಿಂದ ಸೀರೆ, ಬಣ್ಣ, ದನ, ಏನನ್ನಾದರೂ ಫೋಟೋ ನೋಡಿ ಕೊಳ್ಳುವ ಮುಂಚೆ ಅದನ್ನು ಆಫ್ ಮಾಡಿ ನೋಡಿ. ಹೊಸ ಆ್ಯಪ್ ಹಾಕುವಾಗ ಅಂಗಡಿಯವರು ಒತ್ತಿ ಎಂದರೆ, ಅದು ಏನು ಕೇಳುತ್ತಿದೆ ಎಂದು ಗಟ್ಟಿಯಾಗಿ ಓದಿ ಹೇಳಲು ಹೇಳಿ. ಅವರಿಗೆ ಓದಿ ಹೇಳುವಷ್ಟು ಪುರುಸೊತ್ತು ಇಲ್ಲದಿದ್ದರೆ ಆ ಆ್ಯಪ್ ನಿಮಗೆ ಬೇಡ.